ಆಸ್ಪತ್ರೆ ಬಿಲ್ಲಿಗೆ ಹೊಸ ನಿಯಮ ಅಂದ ಕೂಡಲೇ ಡಾಕ್ಟರು ಯಾಕೆ ಸಿಡುಕುತ್ತಾರೆ?

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಟಿಪಿಎ ಡೆಸ್ಕ್ ನೋಡಿಕೊಳ್ಳುತ್ತೇನೆ. ಮೂವತ್ತು ಬೆಡ್ಡು, ಎರಡು ಓಟಿ (ಆಪರೇಷನ್ ಥಿಯೇಟರು), ಕೆಳಗಡೆ ಒಂದು ಮೆಡಿಕಲ್ ಶಾಪು. ಟಿಪಿಎ ಅಂದರೆ ವಿಮಾ ಕಂಪನಿಗೂ ಆಸ್ಪತ್ರೆಗೂ ನಡುವೆ ಕೂತು ಕ್ಲೇಮ್ ಫೈಲು ನೋಡುವ ಸಂಸ್ಥೆ. ಅವರಿಗೆ ಕಾಗದ ಕಳಿಸುವುದು ನನ್ನ ಕೆಲಸ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೂ ನನ್ನ ಕೆಲಸ. ಬಿಲ್ಲು ಪಾಸಾಗುವವರೆಗೆ ಪೇಶಂಟಿನ ಮನೆಯವರಿಂದ ಬೈಸಿಕೊಳ್ಳುವುದೂ ನನ್ನದೇ, ಅದಕ್ಕೆ ಬೇರೆ ಸಂಬಳ ಇಲ್ಲ.

ಮೊನ್ನೆ ಬೊರಿವಲಿಯ ಮಾವನ ಫೋನ್ ಬಂತು. ಅವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ನಮ್ಮಲ್ಲಿ ಅಲ್ಲ, ಅವರ ಮನೆ ಹತ್ತಿರದ ಬೇರೆ ಆಸ್ಪತ್ರೆಯಲ್ಲಿ. "ಐದು ಲಕ್ಷದ ಪಾಲಿಸಿ ಇದ್ದೂ ನಲವತ್ತೆಂಟು ಸಾವಿರ ಕೈಯಿಂದ ಕಟ್ಟಿದೆ ಮಾರಾಯ್ತಿ. ಈಗ ಪೇಪರಲ್ಲಿ ನೋಡಿದ್ರೆ, ಆಸ್ಪತ್ರೆ ರೇಟು ಸರಕಾರ ಫಿಕ್ಸ್ ಮಾಡ್ತದೆ ಅಂದದ್ದಕ್ಕೆ ಡಾಕ್ಟರುಗಳೇ ಗಲಾಟೆ ಮಾಡ್ತಾರಂತೆ. ದುರಾಸೆ ಅಲ್ವಾ ಇದು?"

ಹೌದು ಅಂದರೆ ನನಗೆ ಸಂಬಳ ಕೊಡುವವರಿಗೆ ಮೋಸ. ಅಲ್ಲ ಅಂದರೆ ಮಾವನಿಗೆ ಸುಳ್ಳು ಹೇಳಿದ ಹಾಗೆ. ಫೋನಿನಲ್ಲಿ ಮುಗಿಯುವ ವಿಷಯ ಅಲ್ಲ ಅಂತ ಅವತ್ತು ತಪ್ಪಿಸಿಕೊಂಡೆ. ಈಗ ಕೂತು ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ಈ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಡಾಕ್ಟರುಗಳು ಜಗಳ ಆಡುವುದು ರೇಟಿನ ಹೆಸರಲ್ಲಿ, ಆದರೆ ಅವರ ಹೊಟ್ಟೆ ಉರಿಯುವುದು ಆ ರೇಟಿನ ದುಡ್ಡು ಯಾವಾಗ ಬರುತ್ತದೆ, ಎಷ್ಟು ಕತ್ತರಿಸಿಕೊಂಡು ಬರುತ್ತದೆ ಅನ್ನುವುದಕ್ಕೆ.

ನನ್ನ ಅಪ್ಪ ಘಾಟ್ಕೋಪರಿನಲ್ಲಿ ಹೋಟೆಲ್ ನಡೆಸಿದವರು. ಅಲ್ಲಿ ಮೂರು ತರದ ಗಿರಾಕಿಗಳಿದ್ದರು. ಒಬ್ಬ ಬೋರ್ಡ್ ನೋಡಿ ಮಸಾಲೆ ದೋಸೆ ತಿಂದು ನಗದು ಕೊಟ್ಟು ಹೋಗುತ್ತಿದ್ದ. ಇನ್ನೊಬ್ಬನಿಗೆ ಥಾಲಿ: ಒಂದೇ ರೇಟು, ಎರಡು ಪೂರಿ ತಿಂದರೂ ಅಷ್ಟೇ, ಎಂಟು ತಿಂದರೂ ಅಷ್ಟೇ. ಮೂರನೆಯವರು ಹತ್ತಿರದ ಆಫೀಸಿನ ಕೂಪನ್ ತರುವವರು. ಆಫೀಸಿನವರು ತಿಂಗಳ ಕೊನೆಗೆ ದುಡ್ಡು ಕೊಡುತ್ತೇವೆ ಅಂದು ಮೂರನೇ ತಿಂಗಳು ಕೊಡುತ್ತಿದ್ದರು. ಅದರಲ್ಲೂ ಬುಧವಾರ ಪಲ್ಯ ಸರಿ ಇರಲಿಲ್ಲ ಅಂತ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಕೂಪನ್ ಬೇಡ ಅನ್ನುವ ಹಾಗಿಲ್ಲ, ಮಧ್ಯಾಹ್ನ ಟೇಬಲ್ ಖಾಲಿ ಬೀಳುತ್ತದೆ. ತರಕಾರಿಯವನು ಮಾತ್ರ ದಿನಾ ಬೆಳಿಗ್ಗೆ ಬಂದು ನಗದು ಕೇಳುತ್ತಿದ್ದ.

ಆಸ್ಪತ್ರೆಯೂ ಹೀಗೇ. ಬೋರ್ಡಿನ ರೇಟು ಕೊಡುವ ನಗದು ಪೇಶಂಟ್, ವಿಮೆಯ ಪೇಶಂಟ್, ಸರಕಾರಿ ಯೋಜನೆಯ ಪೇಶಂಟ್. ಒಂದೇ ಓಟಿ, ಅದೇ ಸರ್ಜನ್, ಅದೇ ಪಿತ್ತಕೋಶ. ಆದರೆ ರೇಟು ಮಾತ್ರ ಮೂರು ನಾಲ್ಕು. ವಿಮಾ ಕಂಪನಿಯ ಜತೆ ಮಾಡಿಕೊಂಡ ಕರಾರಿನ ರೇಟಿಗೆ ನಾವು ಟ್ಯಾರಿಫ್ ಅನ್ನುತ್ತೇವೆ. ಪ್ರತಿ ಕಂಪನಿಗೂ ಒಂದೊಂದು ಟ್ಯಾರಿಫ್. ಸರಕಾರಿ ಯೋಜನೆಗಳಲ್ಲಿ ಇರುವುದು ಪ್ಯಾಕೇಜು: ಅಡ್ಮಿಟ್ ಆದಾಗಿನಿಂದ ಡಿಸ್ಚಾರ್ಜ್ ತನಕ ರೂಮು, ಸರ್ಜನ್ನು, ಔಷಧಿ ಎಲ್ಲ ಸೇರಿ ಒಂದೇ ಮೊತ್ತ. ಥಾಲಿ ಅಂದುಕೊಳ್ಳಿ.

ಈ ಥಾಲಿಯ ಲೆಕ್ಕ ಸರಿಯಾಗಿ ಗೊತ್ತಾದರೆ ಅರ್ಧ ಜಗಳ ಅರ್ಥ ಆದ ಹಾಗೆ. ಪೇಶಂಟ್ ಮೂರನೇ ದಿನ ನಗುತ್ತಾ ಮನೆಗೆ ಹೋದರೆ ಆಸ್ಪತ್ರೆಗೆ ಲಾಭ. ಹೊಲಿಗೆಗೆ ಸೋಂಕಾಗಿ ಒಂಬತ್ತು ದಿನ ಉಳಿದರೆ ಹೆಚ್ಚಿನ ಆರು ದಿನ ಆಸ್ಪತ್ರೆಯ ತಲೆ ಮೇಲೆ. ತಿಂಗಳಿಗೆ ಐನೂರು ಕೇಸು ಮಾಡುವ ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನದವನ ನಷ್ಟವನ್ನು ಮೂರು ದಿನದವರು ತುಂಬಿಸುತ್ತಾರೆ. ತಿಂಗಳಿಗೆ ಅಂಥ ಐದೇ ಕೇಸು ಬರುವ ನಮ್ಮಂಥ ಕಡೆ, ಒಬ್ಬ ಕೆಟ್ಟರೆ ಉಳಿದ ನಾಲ್ವರ ಲಾಭ ಅವನೇ ತಿಂದು ಹಾಕುತ್ತಾನೆ. ಹಾಗಾಗಿ "ಎಲ್ಲರಿಗೂ ಒಂದೇ ಪ್ಯಾಕೇಜು" ಅಂತ ಸರಕಾರ ಅಂದಾಗ ದೊಡ್ಡವರು ಗೊಣಗುತ್ತಾರೆ, ಸಣ್ಣವರು ಬೆವರುತ್ತಾರೆ. ಟೀವಿಯಲ್ಲಿ ಇಬ್ಬರ ದನಿಯೂ ಒಂದೇ ತರ ಕೇಳಿಸುತ್ತದೆ ಅಷ್ಟೇ.

ಈಗ ಹೊಸ ನಿಯಮಗಳ ಕಥೆಗೆ ಬರೋಣ.

ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಅಂತ ಕೇಂದ್ರದ್ದೊಂದಿದೆ, 2010ರದ್ದು. ಅದರ 2012ರ ನಿಯಮಗಳಲ್ಲಿ, ರಾಜ್ಯಗಳ ಜತೆ ಮಾತಾಡಿ ಕೇಂದ್ರ ಸರಕಾರ ಚಿಕಿತ್ಸೆಗಳಿಗೆ ಒಂದು ದರದ ಮಿತಿ ಗೊತ್ತು ಮಾಡಬೇಕು, ಆಸ್ಪತ್ರೆಗಳು ಆ ಮಿತಿಯೊಳಗೇ ವಸೂಲಿ ಮಾಡಬೇಕು ಅಂತ ಬರೆದಿದೆ. ಬರೆದದ್ದು ಬರೆದ ಹಾಗೇ ಉಳಿಯಿತು. ಮಾಜಿ ಸೈನಿಕರ ಒಂದು ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕಣ್ಣಿನ ಪೊರೆ ಆಪರೇಷನ್ನಿಗೆ ಸರಕಾರಿ ಕಡೆ ಒಂದು ಕಣ್ಣಿಗೆ 10,000 ರೂಪಾಯಿ ತನಕ ಆದರೆ ಖಾಸಗಿಯಲ್ಲಿ 30,000ದಿಂದ 1,40,000 ತನಕ ತೆಗೆದುಕೊಳ್ಳುತ್ತಾರೆ ಅನ್ನುವ ಲೆಕ್ಕವನ್ನು ಕೋರ್ಟಿನ ಮುಂದಿಟ್ಟರು. 2024ರ ಫೆಬ್ರವರಿ 27ರಂದು ಕೋರ್ಟು ಕೇಂದ್ರಕ್ಕೆ ಗದರಿಸಿತು: ರಾಜ್ಯಗಳು ಉತ್ತರ ಕೊಡುತ್ತಿಲ್ಲ ಅನ್ನುವ ನೆಪ ಸಾಕು, ಕೂತು ತೀರ್ಮಾನ ಮಾಡಿ, ಇಲ್ಲದಿದ್ದರೆ ಸಿಜಿಎಚ್‌ಎಸ್ ದರವನ್ನೇ ತಾತ್ಕಾಲಿಕವಾಗಿ ಎಲ್ಲರಿಗೂ ಅನ್ವಯಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಅಂತ.

ಸಿಜಿಎಚ್‌ಎಸ್ ಅಂದರೆ ಕೇಂದ್ರ ಸರಕಾರಿ ನೌಕರರಿಗೆ, ಪಿಂಚಣಿದಾರರಿಗೆ ಇರುವ ಯೋಜನೆ. ಅದರ ಹೆಸರು ಕೇಳಿದ್ದೇ ತಡ, ನಮ್ಮ ಡಾಕ್ಟರು ರೌಂಡ್ಸ್ ಅರ್ಧಕ್ಕೆ ಬಿಟ್ಟು ನನ್ನ ಡೆಸ್ಕಿಗೆ ಬಂದಿದ್ದರು. ಯಾಕೆ ಅಂದರೆ ಆಗ ಅದರ ಬಹುತೇಕ ರೇಟುಗಳು 2014ರವು. ನಡುವೆ 2023ರಲ್ಲಿ ಒಂದಿಷ್ಟು ತಿದ್ದಿದ್ದರು, ಡಾಕ್ಟರ ಒಪಿಡಿ ಫೀಸು 150ರಿಂದ 350ಕ್ಕೆ ಏರಿತ್ತು. ಆಪರೇಷನ್ನುಗಳದ್ದು ಹೆಚ್ಚಿನದೆಲ್ಲ ಹಳೇದೇ. ಹತ್ತು ವರ್ಷದ ಹಿಂದಿನ ರೇಟಿಗೆ ಇವತ್ತು ದೋಸೆ ಕೊಡು ಅಂದರೆ ಯಾವ ಹೋಟೆಲಿನವನು ಕೊಡುತ್ತಾನೆ ಹೇಳಿ?

ನೇತ್ರ ತಜ್ಞರ ಅಖಿಲ ಭಾರತ ಸಂಘವೂ ಕೋರ್ಟಿಗೆ ಹೋಯಿತು. ಮಹಾನಗರಕ್ಕೂ ಹಳ್ಳಿಗೂ ಒಂದೇ ರೇಟು ಹೇಗೆ ಸಾಧ್ಯ ಅನ್ನುವುದು ಅವರ ವಾದ. ಇದು ಅರ್ಧ ಸರಿ ಅನಿಸುತ್ತದೆ ನನಗೆ. ದಾದರಿನಲ್ಲಿ ಸಾವಿರ ಚದರ ಅಡಿ ಜಾಗದ ಬಾಡಿಗೆಯೂ ಸಿಂಧುದುರ್ಗದ್ದೂ ಒಂದಾಗಲು ಸಾಧ್ಯವೇ ಇಲ್ಲ. ಕಣ್ಣಿನೊಳಗೆ ಇಡುವ ಲೆನ್ಸಿನಲ್ಲೂ ಹತ್ತು ತರ ಇವೆ, ಬೆಲೆಯೂ ಹತ್ತು ತರ. ಆದರೆ ಮೂವತ್ತು ಸಾವಿರಕ್ಕೂ ಒಂದು ಲಕ್ಷದ ನಲವತ್ತು ಸಾವಿರಕ್ಕೂ ನಡುವಿನ ಅಂತರ ಪೂರಾ ಬಾಡಿಗೆ ಮತ್ತು ಲೆನ್ಸು ಅಂತ ನನಗೆ ಹೇಳಬೇಡಿ. ಬಿಲ್ಲು ಹೇಗೆ ಬರೆಯುತ್ತಾರೆ ಅಂತ ನೋಡಿದವಳು ನಾನು.

ಮತ್ತೆ ಒಂದು ವಿಷಯ, ಇದು ಸುಮಾರು ಜನರಿಗೆ ಗೊತ್ತಿಲ್ಲ. ಮಹಾರಾಷ್ಟ್ರ ಆ 2010ರ ಕಾಯ್ದೆಯನ್ನು ಒಪ್ಪಿಕೊಂಡೇ ಇಲ್ಲ. ಇಲ್ಲಿ ನಡೆಯುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. ಅದರ ನಿಯಮಗಳನ್ನು 2021ರ ಜನವರಿಯಲ್ಲಿ ಹೊಸದಾಗಿ ತಿದ್ದಿದರು. ಅದರ ಪ್ರಕಾರ ಹದಿನೈದು ಬಾಬತ್ತುಗಳ ರೇಟನ್ನು ಆಸ್ಪತ್ರೆ ಎದುರಿಗೇ ಬೋರ್ಡು ಹಾಕಿ ತೋರಿಸಬೇಕು, ರೋಗಿಗಳ ಹಕ್ಕುಗಳ ಪಟ್ಟಿ ಗೋಡೆಯ ಮೇಲಿರಬೇಕು. ಗಮನಿಸಿ, ರೇಟು ತೋರಿಸಿ ಅಂದರು, ಇಷ್ಟೇ ತೆಗೆದುಕೊಳ್ಳಿ ಅಂತ ಅಂದಿಲ್ಲ. ನಮ್ಮಲ್ಲೂ ಬೋರ್ಡು ಇದೆ. ಲಿಫ್ಟಿನ ಪಕ್ಕ, ಗಣಪತಿ ಫೋಟೋದ ಕೆಳಗೆ. ಅದನ್ನು ನಿಂತು ಓದಿದವರನ್ನು ನಾನು ಬೆರಳಲ್ಲಿ ಎಣಿಸಬಹುದು.

ಊರಿನ ಕಡೆಯ ನೆಂಟರಿಗೆ ಇದೆಲ್ಲ ಹೊಸದಲ್ಲ. 2017ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಕೆಪಿಎಂಇ ಅನ್ನುವ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ತಿದ್ದುಪಡಿಯ ವಿರುದ್ಧ ಖಾಸಗಿ ಡಾಕ್ಟರುಗಳು ಒಪಿಡಿ ಮುಚ್ಚಿ ಬೆಳಗಾವಿಯಲ್ಲಿ ಕೂತಿದ್ದರಲ್ಲ, ನೆನಪಿದೆಯಾ? ಖಾಸಗಿ ಆಸ್ಪತ್ರೆಗಳ ರೇಟನ್ನು ಸರಕಾರ ನಿಗದಿ ಮಾಡುವುದು, ತಪ್ಪಿದರೆ ಜೈಲು, ಈ ಎರಡು ಮಾತಿಗೆ ಅಷ್ಟು ದೊಡ್ಡ ಮುಷ್ಕರ. ಕೊನೆಗೆ ಮಸೂದೆ ಮೆತ್ತಗಾಯಿತು. ರೇಟು ನಿಗದಿ ಸರಕಾರಿ ಯೋಜನೆಯ ಪೇಶಂಟುಗಳ ಮಟ್ಟಿಗೆ ಉಳಿಯಿತು.

ರೇಟು ಕಟ್ಟಿಹಾಕಿದರೆ ಏನಾಗುತ್ತದೆ ಅಂತ ನೋಡಲು ನಾವು ಮುಂಬಯಿಯವರು ದೂರ ಹೋಗಬೇಕಾಗಿಲ್ಲ. ಕೊರೊನಾದಲ್ಲಿ, 2020ರ ಮೇ ತಿಂಗಳಲ್ಲಿ, ಮಹಾರಾಷ್ಟ್ರ ಸರಕಾರ ಖಾಸಗಿ ಆಸ್ಪತ್ರೆಗಳ 80 ಶೇಕಡಾ ಬೆಡ್ಡುಗಳನ್ನು ತನ್ನ ರೇಟಿನ ಕೆಳಗೆ ತಂದಿತು. ದಿನಕ್ಕೆ ಸಾದಾ ವಾರ್ಡು 4,000, ಐಸಿಯು 7,500, ವೆಂಟಿಲೇಟರ್ ಇದ್ದರೆ 9,000. ಪಿಪಿಇ ಕಿಟ್ಟು ಮತ್ತು ಕೆಲವು ದುಬಾರಿ ಔಷಧಿ ಇದರಿಂದ ಹೊರಗೆ. ಅಷ್ಟೇ, ಬಿಲ್ಲುಗಳು ಆ ಹೊರಗಿನ ಬಾಗಿಲಿನಿಂದಲೇ ದಪ್ಪ ಆದವು. ಪಿಪಿಇ ಕಿಟ್ಟಿನ ಸಾಲು ನೋಡಿ ಜನ ಹೌಹಾರಿದ್ದು ನಿಮಗೂ ನೆನಪಿರಬಹುದು. ಸರಕಾರ ಆಸ್ಪತ್ರೆಗಳಿಗೆ ಆಡಿಟರುಗಳನ್ನು ಕಳಿಸಿತು, ಅವರು ಒಂದೊಂದು ಸಾಲಿಗೆ ಪೆನ್ನು ಹಿಡಿದು ಕೂತರು. ಮಾರನೇ ವರ್ಷ ಇನ್ನೊಂದು ತಿದ್ದುಪಡಿ ಬಂತು, ಊರುಗಳನ್ನು ಮೂರು ವರ್ಗ ಮಾಡಿದರು: ಸಾದಾ ವಾರ್ಡಿಗೆ ಮುಂಬಯಿ ಪುಣೆಯಂಥ ಕಡೆ 4,000, ಎರಡನೇ ವರ್ಗದಲ್ಲಿ 3,000, ಮೂರನೆಯದರಲ್ಲಿ 2,400. ಹಳ್ಳಿಗೂ ಪಟ್ಟಣಕ್ಕೂ ಒಂದೇ ರೇಟು ಆಗಲ್ಲ ಅನ್ನುವ ಡಾಕ್ಟರುಗಳ ಮಾತನ್ನು ಸರಕಾರವೇ ಒಪ್ಪಿಕೊಂಡ ಹಾಗಾಯಿತು.

ಹೃದಯದ ರಕ್ತನಾಳದೊಳಗೆ ಇಡುವ ಸ್ಟೆಂಟಿನ ಕಥೆಯೂ ಇದೇ. 2017ರ ಫೆಬ್ರವರಿಯಲ್ಲಿ ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ ಅಂತ ಮಿತಿ ಬಂತು. ಅದಕ್ಕೆ ಮೊದಲು ಲಕ್ಷ ದಾಟಿ ಬಿಲ್ ಹಾಕುತ್ತಿದ್ದದ್ದು. ಜನರಿಗೆ ಲಾಭ ಆದದ್ದು ಖಂಡಿತ. ಆದರೆ ಬಲೂನಿನ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದಲ್ಲ, ಹಾಗೆ ಬಿಲ್ಲಿನ ಬೇರೆ ಸಾಲು ದಪ್ಪ ಆಯಿತು ಅನ್ನುವ ದೂರೂ ಆಗಲೇ ಶುರುವಾಯಿತು.

ಸರಿ, 2025ರ ಅಕ್ಟೋಬರಿನಲ್ಲಿ ಸಿಜಿಎಚ್‌ಎಸ್ ರೇಟುಗಳನ್ನು ಕೊನೆಗೂ ತಿದ್ದಿದರು, ಸುಮಾರು ಎರಡು ಸಾವಿರ ಚಿಕಿತ್ಸೆಗಳದ್ದು, 13ನೇ ತಾರೀಕಿನಿಂದ ಜಾರಿ. ಇದರಲ್ಲಿ ನನಗೆ ಹಿಡಿಸಿದ್ದು ರೇಟಿಗೆ ಮೆಟ್ಟಿಲು ಮಾಡಿದ್ದು. ಎನ್‌ಎಬಿಎಚ್ ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಇದ್ದರೆ ಪೂರ್ತಿ ರೇಟು, ಇಲ್ಲದಿದ್ದರೆ 15 ಶೇಕಡಾ ಕಡಿಮೆ, ಸೂಪರ್ ಸ್ಪೆಷಾಲಿಟಿ ಆದರೆ 15 ಜಾಸ್ತಿ. ಎರಡನೇ ದರ್ಜೆಯ ಊರಿಗೆ 10 ಶೇಕಡಾ ಕಡಿಮೆ, ಮೂರನೇ ದರ್ಜೆಗೆ 20. ಮುಂಬಯಿ, ಪುಣೆ ಎರಡೂ ಮೊದಲ ದರ್ಜೆಯಲ್ಲಿವೆ.

ದೊಡ್ಡ ಆಸ್ಪತ್ರೆಗಳಿಗೆ ಸಮಾಧಾನ. ನಮ್ಮ ಡಾಕ್ಟರ ಮುಖ ಮಾತ್ರ ಇನ್ನೂ ಸಪ್ಪೆ. ಎನ್‌ಎಬಿಎಚ್ ಮಾಡಿಸುವುದು ಅಂದರೆ ಸುಮ್ನೆ ಒಂದು ಫಾರ್ಮು ತುಂಬುವುದಲ್ಲ. ರಿಜಿಸ್ಟರುಗಳು, ತರಬೇತಿ, ಕಟ್ಟಡದಲ್ಲಿ ಬದಲಾವಣೆ, ಅದಕ್ಕಂತಲೇ ಒಬ್ಬ ಮನುಷ್ಯ. ಇನ್ನೂರು ಬೆಡ್ಡಿನವನಿಗೆ ಅದು ಚಿಲ್ಲರೆ, ಮೂವತ್ತು ಬೆಡ್ಡಿನವನಿಗೆ ಭಾರ. ಮೂರು ದಶಕದಿಂದ ಇಲ್ಲೇ ಕತ್ತರಿ ಹಿಡಿದ ನನ್ನ ಕೈಗೆ 15 ಶೇಕಡಾ ಕಡಿಮೆ ಬೆಲೆಯಾ ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಂತ ಗುಣಮಟ್ಟಕ್ಕೆ ಜಾಸ್ತಿ ದುಡ್ಡು ಕೊಡಬಾರದು ಅನ್ನಲೂ ನನಗೆ ಬಾಯಿ ಬರಲಿಲ್ಲ.

ದುಡ್ಡು ಬರುವ ದಾರಿ

ಇಲ್ಲಿಂದ ಮುಂದೆ ಪೇಪರಿನಲ್ಲಿ ಬರದ ವಿಷಯ, ನನ್ನ ಡೆಸ್ಕಿನದು.

ಉದಾಹರಣೆಗೆ ಒಂದು ಲಕ್ಷದ ಬಿಲ್ಲು ಅಂತ ಇಟ್ಟುಕೊಳ್ಳಿ. ಕರಾರಿನಲ್ಲಿ ಕಂಪನಿಗೆ 10 ಶೇಕಡಾ ಡಿಸ್ಕೌಂಟ್ ಕೊಡುತ್ತೇವೆ ಅಂತ ಬರೆದಿದ್ದರೆ ಅಲ್ಲಿಗೆ 90,000. ಆಸ್ಪತ್ರೆಗೆ ದುಡ್ಡು ಕಳಿಸುವಾಗ 10 ಶೇಕಡಾ ಟಿಡಿಎಸ್, ಅಂದರೆ ಮೊದಲೇ ಕಳೆಯುವ ತೆರಿಗೆ, ಹಿಡಿಯುತ್ತಾರೆ, 9,000 ಹೋಯಿತು. ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ಸರಿಹೋಗುತ್ತದೆ ನಿಜ, ಆದರೆ ಈ ತಿಂಗಳ ನರ್ಸುಗಳ ಸಂಬಳಕ್ಕೆ ಒದಗುವುದಿಲ್ಲ. ಬ್ಯಾಂಕಿಗೆ ಬರಬೇಕಾದ್ದು 81,000. ಆಮೇಲೆ ಒಂದು ದಿನ ಬರುವುದು 76,000. ಯಾಕೆ ಅಂತ ಮೇಲ್ ಹಾಕಿದರೆ, ಯಾವುದೋ ಇಂಜೆಕ್ಷನ್ನಿನ ಬಾಟಲಿಯ ಸ್ಟಿಕ್ಕರ್ ಫೈಲಿನಲ್ಲಿ ಇಲ್ಲ ಅಂತ ಉತ್ತರ. ಇದಕ್ಕೆ ನಾವು ಶಾರ್ಟ್ ಸೆಟ್ಲ್‌ಮೆಂಟ್ ಅನ್ನುತ್ತೇವೆ. ನನ್ನ ಹತ್ತಿರ ಇದಕ್ಕಂತಲೇ ಹಸಿರು ರಟ್ಟಿನ ಒಂದು ರಿಜಿಸ್ಟರಿದೆ. ಐದು ಸಾವಿರಕ್ಕೆ ಹತ್ತು ಮೇಲ್ ಬರೆಯುವ ಪುರುಸೊತ್ತು ಯಾರಿಗಿದೆ? ಎಷ್ಟೋ ಸಾಲುಗಳ ಮುಂದೆ ನಾನೇ "ಬಿಟ್ಟಿದ್ದು" ಅಂತ ಬರೆದು ಮುಚ್ಚಿದ್ದೇನೆ.

ಅದೇ ಹೊತ್ತಿಗೆ, ಆಪರೇಷನ್ ದಿನ ಬಂದು ಹೋದ ಅರಿವಳಿಕೆ ಡಾಕ್ಟರಿಗೆ ಅವತ್ತೇ ದುಡ್ಡು ಕೊಟ್ಟಾಗಿರುತ್ತದೆ. ಆಕ್ಸಿಜನ್ ಸಿಲಿಂಡರಿನವನು ಕಾಯುವುದಿಲ್ಲ, ಲಾಂಡ್ರಿಯವನು ಕಾಯುವುದಿಲ್ಲ. ಅಪ್ಪನ ತರಕಾರಿಯವನ ಹಾಗೆಯೇ.

ಸರಕಾರಿ ಯೋಜನೆಯಲ್ಲಿ ಕಾಯುವ ಕಾಲ ಇನ್ನೂ ಉದ್ದ. ಆಯುಷ್ಮಾನ್ ಭಾರತದ ಪುಸ್ತಕದ ಪ್ರಕಾರ ಕ್ಲೇಮು ಹದಿನೈದು ದಿನದಲ್ಲಿ ಪಾವತಿ ಆಗಬೇಕು, ಬೇರೆ ರಾಜ್ಯದ ಪೇಶಂಟ್ ಆದರೆ ಮೂವತ್ತು ದಿನ. ಪುಸ್ತಕದಲ್ಲಿ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯನ್ನು ಈಗ ಎಲ್ಲ ಕುಟುಂಬಗಳಿಗೂ ವಿಸ್ತರಿಸಿ, ಒಂದೂವರೆ ಲಕ್ಷ ಇದ್ದ ರಕ್ಷಣೆಯನ್ನು ಐದು ಲಕ್ಷ ಮಾಡಿದ್ದಾರೆ. ನಮ್ಮಲ್ಲಿಗೆ ಬರುವ ಗದಗ, ವಿಜಯಪುರ ಕಡೆಯ ಕಟ್ಟಡ ಕೆಲಸದವರು ಇಲ್ಲಿನ ರೇಷನ್ ಕಾರ್ಡು ತೋರಿಸಿ "ಇದ್ರಾಗ ಆಗ್ತದೇನ್ರಿ ಅಕ್ಕಾ?" ಅಂತ ಕೇಳುತ್ತಾರೆ. ನಮ್ಮ ನರ್ಸಿಂಗ್ ಹೋಮು ಆ ಯೋಜನೆಯ ಆಸ್ಪತ್ರೆಗಳ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಯಾಕೆ ಸೇರಿಲ್ಲ ಅಂತ ಡಾಕ್ಟರನ್ನು ಕೇಳಿದರೆ ರೇಟಿನ ಮಾತು ಎರಡನೆಯದು. ಮೊದಲ ಮಾತು, "ದುಡ್ಡು ಯಾವಾಗ ಬರುತ್ತೆ ಅಂತ ನೀನು ಬರೆದು ಕೊಡ್ತೀಯಾ?"

2025ರ ಆಗಸ್ಟಿನಲ್ಲಿ ಖಾಸಗಿ ಆಸ್ಪತ್ರೆಗಳ ಸಂಘ ಎಎಚ್‌ಪಿಐ, ಒಂದು ವಿಮಾ ಕಂಪನಿಯ ಗ್ರಾಹಕರಿಗೆ ಸೆಪ್ಟೆಂಬರ್ 1ರಿಂದ, ಪೇಶಂಟ್ ಕೈಯಿಂದ ಕಟ್ಟದೆ ಬಿಲ್ಲು ನೇರ ಕಂಪನಿಗೇ ಹೋಗುವ ಕ್ಯಾಶ್‌ಲೆಸ್ ಕೊಡಬೇಡಿ ಅಂತ ಉತ್ತರ ಭಾರತದ ತನ್ನ ಸದಸ್ಯರಿಗೆ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಖರ್ಚು ವರ್ಷಕ್ಕೆ ಏಳೆಂಟು ಶೇಕಡಾ ಏರುತ್ತಿದೆ, ಕರಾರಿನ ರೇಟು ಮಾತ್ರ ಹಳೇದೇ, ಮೇಲಿಂದ ಕಡಿತ, ವಿಳಂಬ, ಇದು ಅವರ ದೂರು. ವಿಮೆಯವರ ಕಡೆಯಿಂದ, ಗ್ರಾಹಕರನ್ನು ಮುಂದಿಟ್ಟುಕೊಂಡು ಚೌಕಾಶಿ ಮಾಡುತ್ತಿದ್ದೀರಿ ಅಂತ ಉತ್ತರ. ಗಡುವಿಗೆ ಮೊದಲೇ ಮಾತುಕತೆಯಾಗಿ ಅದು ತಣ್ಣಗಾಯಿತು. ಆ ವಾರ ನಮ್ಮ ಡೆಸ್ಕಿಗೂ ಫೋನೋ ಫೋನು. "ನಮ್ಮ ಕಾರ್ಡ್ ನಡೆಯುತ್ತಾ?" ನಡೆಯುತ್ತೆ ಅಮ್ಮಾ, ಅದು ಅಲ್ಲಿಯದು, ಇಲ್ಲಿಯದಲ್ಲ.

ವಿಮೆಯವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಪಾಲಿಸಿ ಇದೆ ಅಂತ ಗೊತ್ತಾದ ತಕ್ಷಣ ಬೇಕಿಲ್ಲದ ಟೆಸ್ಟು ಬರೆಯುವವರು, ಒಂದು ದಿನಕ್ಕೆ ಸಾಲುವ ಅಡ್ಮಿಷನ್ನನ್ನು ಮೂರು ದಿನ ಎಳೆಯುವವರು ಇದ್ದಾರೆ. ಎಲ್ಲರಿಗೂ ಗೊತ್ತಿರುವ ವಿಷಯ ಇದು. ಪ್ರತಿ ಇಂಜೆಕ್ಷನ್ನಿಗೆ ಸ್ಟಿಕ್ಕರ್ ಕೇಳುವ ಅಭ್ಯಾಸ ಆಕಾಶದಿಂದ ಬಿದ್ದದ್ದಲ್ಲ.

ಒಂದು ಗಂಟೆ, ಮೂರು ಗಂಟೆ

2024ರ ಮೇ 29ರಂದು ವಿಮಾ ನಿಯಂತ್ರಕ ಐಆರ್‌ಡಿಎಐ ಒಂದು ದೊಡ್ಡ ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ. ಡಿಸ್ಚಾರ್ಜಿನ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ಚಾರ್ಜು ಹಾಕಿದರೆ ಅದನ್ನು ವಿಮಾ ಕಂಪನಿ ತನ್ನ ಶೇರುದಾರರ ದುಡ್ಡಿನಿಂದ ಕಟ್ಟಬೇಕು. ಓದಲು ಎಷ್ಟು ಚೆನ್ನಾಗಿದೆ ಅಲ್ವಾ?

ಪೇಶಂಟಿನ ಮಗ ಗಡಿಯಾರ ನೋಡಲು ಶುರು ಮಾಡುವುದು ಬೆಳಿಗ್ಗೆ ಹತ್ತಕ್ಕೆ, ಡಾಕ್ಟರು ರೌಂಡ್ಸಿನಲ್ಲಿ "ಇವತ್ತು ಮನೆಗೆ ಹೋಗಬಹುದು" ಅಂದಾಗ. ಆದರೆ ಸುತ್ತೋಲೆಯ ಗಡಿಯಾರ ಶುರುವಾಗುವುದು ನಾನು ಫೈನಲ್ ಬಿಲ್ಲಿನ ಜತೆ ಕೋರಿಕೆ ಕಳಿಸಿದಾಗ. ನಡುವೆ ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಡಾಕ್ಟರು ಓಟಿಯಿಂದ ಹೊರಗೆ ಬಂದು ಸಹಿ ಹಾಕಬೇಕು, ಉಳಿದ ಔಷಧಿ ಮೆಡಿಕಲ್ಲಿಗೆ ವಾಪಸ್ ಹೋಗಿ ಅದರ ದುಡ್ಡು ಕಳೆಯಬೇಕು, ಲ್ಯಾಬಿನ ಕೊನೇ ರಿಪೋರ್ಟು ಬರಬೇಕು. ಒಂದು ಗಂಟೆ ಹೀಗೇ. ಈ ತಡ ನಮ್ಮದು, ವಿಮೆಯವರದ್ದಲ್ಲ, ಒಪ್ಪಿಕೊಳ್ಳುತ್ತೇನೆ.

ಕಳೆದ ತಿಂಗಳು ಹರ್ನಿಯಾದ ಒಂದು ಕೇಸು. 11.20ಕ್ಕೆ ಕಳಿಸಿದೆ. ಎರಡು ಗಂಟೆ ಐವತ್ತು ನಿಮಿಷ ಆದ ಮೇಲೆ, ಅಂದರೆ ಗಡುವಿಗೆ ಹತ್ತು ನಿಮಿಷ ಇರುವಾಗ, ಪೋರ್ಟಲಿನಲ್ಲಿ ಕೆಂಪು ಅಕ್ಷರ: ಕ್ವೆರಿ. ಸಮ್ಮರಿಯ ಮೇಲಿನ ರಬ್ಬರ್ ಸ್ಟಾಂಪಿನಲ್ಲಿ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಸರಿಯಾಗಿ ಕಾಣುತ್ತಿಲ್ಲ, ಮತ್ತೆ ಕಳಿಸಿ. ಅದೇ ನಂಬರು ಅದೇ ಫೈಲಿನ ಇನ್ನೆರಡು ಪುಟಗಳಲ್ಲಿ ಇತ್ತು. ಸ್ಟಾಂಪ್ ಪ್ಯಾಡಿಗೆ ಶಾಯಿ ಹಾಕಿ, ಮತ್ತೆ ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿದೆ. ನಾನು ಉತ್ತರ ಕಳಿಸಿದಲ್ಲಿಂದ ಅವರ ಲೆಕ್ಕ ಹೊಸದಾಗಿ ಶುರು. ಆ ಅಜ್ಜ ಪ್ಯಾಂಟು ಶರ್ಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ತೊಡೆ ಮೇಲೆ ಬ್ಯಾಗಿಟ್ಟುಕೊಂಡು ಬೆಡ್ಡಿನ ತುದಿಯಲ್ಲಿ ಕೂತೇ ಇದ್ದರು. ಐದೂ ಮುಕ್ಕಾಲಿಗೆ ಒಪ್ಪಿಗೆ ಬಂತು. ಅಷ್ಟರಲ್ಲಿ ಆ ಬೆಡ್ಡಿಗೆ ಬರಬೇಕಿದ್ದ ಇನ್ನೊಬ್ಬ ಪೇಶಂಟ್ ಕೆಳಗೆ ಬೆಂಚಿನ ಮೇಲೆ ಕಾದು ಕಾದು ಕಲ್ಯಾಣಕ್ಕೆ ಹೋಗಿಯಾಗಿತ್ತು.

ಇನ್ನೊಂದು ತೊಡಕು ಏನೆಂದರೆ, ಈ ಐಆರ್‌ಡಿಎಐ ವಿಮಾ ಕಂಪನಿಗಳಿಗೆ ಹೇಳಬಹುದು, ಆಸ್ಪತ್ರೆಗಳಿಗೆ ಹೇಳುವ ಅಧಿಕಾರ ಅದಕ್ಕಿಲ್ಲ. ಆರೋಗ್ಯ ಅನ್ನುವುದು ರಾಜ್ಯಗಳ ವಿಷಯ. ವಿಮೆಗೆ ದಿಲ್ಲಿ ಕಡೆಯ ಹಣಕಾಸು ಇಲಾಖೆ, ಆಸ್ಪತ್ರೆಗೆ ರಾಜ್ಯದ ಆರೋಗ್ಯ ಇಲಾಖೆ ಮತ್ತು ಪಾಲಿಕೆ. ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಡಿಯುವವರು ಯಾರೂ ಇಲ್ಲ. ಅದಕ್ಕೇ ಎಲ್ಲರಿಗೂ ಒಂದೇ ತರದ ಬಿಲ್ ಫಾರ್ಮು ತರುವ ಮಾತು, ಕ್ಲೇಮುಗಳೆಲ್ಲ ನ್ಯಾಷನಲ್ ಹೆಲ್ತ್ ಕ್ಲೇಮ್ಸ್ ಎಕ್ಸ್‌ಚೇಂಜ್ ಅನ್ನುವ ಒಂದೇ ಕಿಂಡಿಯಿಂದ ಹೋಗಬೇಕು ಅನ್ನುವ ಮಾತು. ಫಾರ್ಮು ಒಂದಾದರೆ ನನ್ನ ಮಟ್ಟಿಗೆ ಹಬ್ಬ. ಈಗ ಒಂದೊಂದು ಟಿಪಿಎಗೆ ಒಂದೊಂದು ಪೋರ್ಟಲು, ಒಂದೊಂದು ಪಾಸ್‌ವರ್ಡು, ಡೆಸ್ಕಿನ ಗಾಜಿನ ಕೆಳಗೆ ಹದಿನೇಳು ಚೀಟಿ ಅಂಟಿಸಿಟ್ಟಿದ್ದೇನೆ. ಡಾಕ್ಟರಿಗೆ ಮಾತ್ರ ಅದರಲ್ಲೂ ಅನುಮಾನ. ಎಲ್ಲ ಬಿಲ್ಲೂ ಒಂದೇ ಕಡೆ ಸೇರಿದರೆ, ಯಾರು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಅಂಗೈಯಲ್ಲಿ ಕಾಣುತ್ತದೆ, ಆಮೇಲೆ ಎಲ್ಲರಿಗಿಂತ ಕಡಿಮೆ ತೆಗೆದುಕೊಳ್ಳುವವನ ರೇಟನ್ನೇ ಎಲ್ಲರಿಗೂ ಕಟ್ಟುತ್ತಾರೆ ಅಂತ ಅವರ ಲೆಕ್ಕ. ಪೂರಾ ಹುಚ್ಚು ಅನುಮಾನ ಅನ್ನಲಾರೆ.

ಮಾವನ ನಲವತ್ತೆಂಟು ಸಾವಿರ

ಈಗ ಮಾವನ ಬಿಲ್ಲಿಗೆ ಬರುತ್ತೇನೆ. ಅವರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಸುಲಭ ಆಗಲಿ ಅಂತ ಜಿಎಸ್‌ಟಿ, ಚಿಲ್ಲರೆ ಬಿಟ್ಟು ಬರೆಯುತ್ತೇನೆ.

ಐದು ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಅದರ ಒಂದು ಶೇಕಡಾ, ಅಂದರೆ 5,000 ಮಿತಿ. ಮಾವ ಹಿಡಿದದ್ದು 8,000ದ ಸಿಂಗಲ್ ರೂಮು, ನಾಲ್ಕು ದಿನ. ರೂಮಿನ ಬಾಬತ್ತು 32,000. ಸರ್ಜನ್, ಓಟಿ, ಅರಿವಳಿಕೆ, ನರ್ಸಿಂಗ್ ಸೇರಿ 80,000. ಔಷಧಿ ಮತ್ತು ಸಾಮಾನು 40,000. ಕೈಗವಸು, ಡಯಾಪರು ತರದ, ವಿಮೆ ಕೊಡದೇ ಇರುವ ಪಟ್ಟಿಯವು 6,000. ಈ ಪಟ್ಟಿಯಲ್ಲಿ 68 ವಸ್ತುಗಳಿವೆ, ಪಾಲಿಸಿಯ ಕೊನೇ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಟ್ಟು 1,58,000.

ಮಾವನ ಲೆಕ್ಕ: ರೂಮಿಗೆ ದಿನಕ್ಕೆ ಮೂರು ಸಾವಿರ ಹೆಚ್ಚು, ನಾಲ್ಕು ದಿನಕ್ಕೆ 12,000, ಮೇಲೆ ಆ 6,000. ಹದಿನೆಂಟು ಸಾವಿರಕ್ಕೆ ಮುಗಿಯಬೇಕಿತ್ತು.

ಆದರೆ ಪಾಲಿಸಿ ಹೇಳುವುದು ಬೇರೆ. ಮಿತಿ 5,000, ಹಿಡಿದದ್ದು 8,000, ಅಂದರೆ ಅರ್ಹತೆ 62.5 ಶೇಕಡಾ. ಹಾಗಾಗಿ ಸರ್ಜನ್, ಓಟಿ ಬಾಬತ್ತಿನ 80,000ಕ್ಕೂ 62.5 ಶೇಕಡಾ ಅಷ್ಟೇ, 50,000. ರೂಮು ದೊಡ್ಡದಾದರೆ ಸರ್ಜನ್ನಿನ ಫೀಸೂ ದೊಡ್ಡದಾಗುತ್ತದೆ, ಅದಕ್ಕೆ ಈ ಪದ್ಧತಿ. ಔಷಧಿಯ 40,000 ಪೂರ್ತಿ ಸಿಕ್ಕಿತು, ಯಾಕೆಂದರೆ ಔಷಧಿ, ಇಂಪ್ಲಾಂಟು, ಟೆಸ್ಟುಗಳಿಗೆ ಈ ಕತ್ತರಿ ಹಾಕಬಾರದು ಅಂತ 2020ರಲ್ಲಿ ನಿಯಮ ಬಂದಿದೆ. ರೂಮಿಗೆ 20,000. ಕೂಡಿಸಿ: 1,10,000. ಮಾವನ ಪಾಲಿಗೆ 48,000. ಮೂವತ್ತು ಸಾವಿರ ಹೆಚ್ಚಾದದ್ದು ಆ ಓಟಿಯ ಸಾಲಿನಲ್ಲಿ.

ಇದೇ 2020ರ ನಿಯಮದಲ್ಲಿ ಇನ್ನೊಂದು ಸಾಲಿದೆ. ರೂಮು ನೋಡಿ ಫೀಸು ಬದಲಿಸದ ಆಸ್ಪತ್ರೆ ಆಗಿದ್ದರೆ, ಅಂದರೆ ಜನರಲ್ ವಾರ್ಡಿಗೂ ಸಿಂಗಲ್ ರೂಮಿಗೂ ಸರ್ಜನ್ನಿಗೆ ಒಂದೇ ಫೀಸು ಇದ್ದರೆ, ಈ ಕತ್ತರಿ ನಡೆಯುವುದಿಲ್ಲ. ಮಾವನಿಗೆ ಫೋನ್ ಮಾಡಿ, ಆ ಆಸ್ಪತ್ರೆಯ ಟ್ಯಾರಿಫ್ ಕಾರ್ಡು ಇಸಿದುಕೊಳ್ಳಿ, ಸರ್ಜನ್ ಫೀಸು ಎಲ್ಲ ರೂಮಿಗೂ ಒಂದೇ ಇದೆಯಾ ನೋಡಿ, ಇದ್ದರೆ ಕಂಪನಿಗೆ ದೂರು ಬರೆಯೋಣ ಅಂದೆ. ಎರಡು ದಿನ ಬಿಟ್ಟು ಕಾರ್ಡಿನ ಫೋಟೋ ಕಳಿಸಿದರು. ಒಂದೇ ಇರಲಿಲ್ಲ. ಸಿಂಗಲ್ ರೂಮಿಗೆ ಜಾಸ್ತಿಯೇ ಇತ್ತು. ಅಲ್ಲಿಗೆ ಆ ದಾರಿ ಮುಚ್ಚಿತು.

"ಹಾಗಾದ್ರೆ ಡಾಕ್ಟರದ್ದೂ ತಪ್ಪಿಲ್ಲ, ಇನ್ಶೂರೆನ್ಸಿನವರದ್ದೂ ತಪ್ಪಿಲ್ಲ, ತಪ್ಪೆಲ್ಲ ನನ್ನದು ಅಂತೀಯಾ?"

"ರೂಮು ಯಾಕೆ ಅಷ್ಟು ದೊಡ್ಡದು ಹಿಡಿದ್ರಿ ಮಾವ?"

"ಅತ್ತೆಗೆ ರಾತ್ರಿ ಮಲಗ್ಲಿಕ್ಕೆ ಸೋಫಾ ಬೇಕಿತ್ತು. ಕೌಂಟರಿನ ಹುಡುಗ, ಇನ್ಶೂರೆನ್ಸ್ ಇದೆಯಲ್ಲ ಸಾರ್, ತಗೊಳ್ಳಿ ಅಂದ."

ನಾನೂ ಅಂಥದೇ ಕೌಂಟರಿನಲ್ಲಿ ಕೂತವಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ಅವರ ಎಡಗಣ್ಣಿನ ಪೊರೆ ತೆಗೆಸಬೇಕಂತೆ. ಲೆನ್ಸು ಯಾವುದು, ಅದರ ಬೆಲೆ ಎಷ್ಟು, ಪಾಲಿಸಿಯಲ್ಲಿ ಒಂದು ಕಣ್ಣಿಗೆ ಎಷ್ಟು ಮಿತಿ ಅಂತ ಮೊದಲೇ ಬರೆಸಿಕೊಂಡು ನನಗೆ ಕಳಿಸಿ ಅಂದಿದ್ದೇನೆ. ಅದು ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಷನ್, ಸೋಫಾ ಬೇಕಾಗುವುದಿಲ್ಲ.